ಕಾಯುವುದನ್ನು ಕಲಿಸಿದವರಿಗೆ

ಗಣಿತ ಶಿಕ್ಷಕನಾಗಿ 31 ವರ್ಷ ದುಡಿದು ಕಳೆದ ವಾರ ನಿವೃತ್ತನಾದೆ. ಬೀಳ್ಕೊಡುಗೆಯ ದಿನ ಮಾತನಾಡಲು ನಿಂತಾಗ ಕಂಠ ಬಿಗಿದು ಅರ್ಧಕ್ಕೇ ಕುಳಿತುಬಿಟ್ಟೆ. ಅಂದು ಹೇಳದೆ ಉಳಿದ ಕೃತಜ್ಞತೆಯನ್ನು ಇಲ್ಲಿ ಬರೆಯುತ್ತಿದ್ದೇನೆ.

2020ರ ಮಾರ್ಚ್ ತಿಂಗಳ ಹೊತ್ತಿಗೆ ಕೊರೊನಾದಿಂದ ಶಾಲೆಗಳು ಮುಚ್ಚಿ, ಕೆಲವೇ ವಾರಗಳಲ್ಲಿ ಜಗತ್ತಿನ 150 ಕೋಟಿಗೂ ಹೆಚ್ಚು ವಿದ್ಯಾರ್ಥಿಗಳು ತರಗತಿಯಿಂದ ಹೊರಗುಳಿದಾಗ, ಫೋನಿನಲ್ಲಿ ಮಾತನಾಡುವುದು ಬಿಟ್ಟರೆ ನನಗೆ ಬೇರೇನೂ ಬರುತ್ತಿರಲಿಲ್ಲ. ಮೊದಲ ಆನ್‌ಲೈನ್ ಪಾಠದಲ್ಲಿ ಹತ್ತು ನಿಮಿಷ ಮೈಕ್ ಮ್ಯೂಟ್ ಆಗಿಯೇ ಇತ್ತು. ಮಕ್ಕಳು ಚಾಟ್‌ನಲ್ಲಿ ಮತ್ತೆ ಮತ್ತೆ ಬರೆದಿದ್ದರಂತೆ. ಚಾಟ್ ಎಲ್ಲಿದೆಯೆಂದೇ ನನಗೆ ತಿಳಿದಿರಲಿಲ್ಲ. ಅಂದು ಸಂಜೆ ಕಿರಿಯ ಸಹೋದ್ಯೋಗಿಯೊಬ್ಬರು, ಅಳುವ ಮಗುವನ್ನು ತೊಡೆಯ ಮೇಲಿಟ್ಟುಕೊಂಡೇ, ಒಂದೊಂದೇ ಗುಂಡಿಯನ್ನು ತೋರಿಸಿಕೊಟ್ಟರು. ಎರಡು ಪುಸ್ತಕದ ರಾಶಿಗಳ ಮೇಲೆ ಮರದ ಸ್ಕೇಲನ್ನು ಅಡ್ಡವಿಟ್ಟು, ಕೆಳಗಿನ ಹಾಳೆ ಕಾಣುವಂತೆ ಫೋನನ್ನು ಕಟ್ಟಿ, ಕರಿಹಲಗೆಯಿಲ್ಲದ ಕೊರತೆ ನೀಗಿಸಿದ ಉಪಾಯವೂ ಅವರದೇ.

ಮಕ್ಕಳ ಋಣ ಬೇರೆಯದು. ತರಗತಿಯಲ್ಲಿ ಗಂಟಿಕ್ಕಿದ ಒಂದು ಹುಬ್ಬು ಕಂಡರೆ ಲೆಕ್ಕವನ್ನು ಮೊದಲಿನಿಂದ ಮಾಡುತ್ತಿದ್ದ ನನಗೆ ಪರದೆಯ ಮೇಲೆ ಬರಿಯ ಹೆಸರುಗಳಷ್ಟೇ ಕಾಣುತ್ತಿದ್ದವು. ಪ್ರಶ್ನೆ ಕೇಳಿ, ಯಾರೂ ಮಾತನಾಡದಿದ್ದಾಗ ನಾನೇ ಉತ್ತರ ಹೇಳಿ ಮುಂದೆ ಹೋಗುತ್ತಿದ್ದೆ. "ಸರ್, ನಿಮ್ಮ ಪ್ರಶ್ನೆ ನಮಗೆ ತಡವಾಗಿ ಕೇಳಿಸುತ್ತೆ, ಮೈಕ್ ಆನ್ ಮಾಡೋಷ್ಟರಲ್ಲಿ ಉತ್ತರ ನೀವೇ ಹೇಳಿಬಿಟ್ಟಿರ್ತೀರಿ" ಎಂದು ಒಂದು ದಿನ ಹುಡುಗಿಯೊಬ್ಬಳು ಹೇಳಿದಳು. ಪ್ರಶ್ನೆ ಕೇಳಿದ ಶಿಕ್ಷಕರು ಸಾಮಾನ್ಯವಾಗಿ ಒಂದು ಸೆಕೆಂಡಿನಷ್ಟೇ ಕಾಯುತ್ತಾರೆ, ಮೂರು ಸೆಕೆಂಡು ಕಾದರೆ ಹೆಚ್ಚು ಮಕ್ಕಳು ಯೋಚಿಸಿ ಉತ್ತರಿಸುತ್ತಾರೆ ಎಂದು ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ತೋರಿಸಿದ್ದನ್ನು ತರಬೇತಿಯಲ್ಲಿ ಓದಿ, ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ಪಡೆದವನು ನಾನು. ಪಾಲಿಸಿದ್ದು ಮಾತ್ರ ಆ ಹುಡುಗಿ ಹೇಳಿದ ಮೇಲೆ. ಮರುದಿನದಿಂದ ಪ್ರಶ್ನೆ ಕೇಳಿ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸತೊಡಗಿದೆ. ಎದುರಿಗಿದ್ದಾಗ ಎಂದೂ ಕೈ ಎತ್ತದಿದ್ದವರು ಚಾಟ್‌ನಲ್ಲಿ ಬರೆಯತೊಡಗಿದರು.

ಮನೆಗೆಲ್ಲ ಒಂದೇ ಫೋನಿದ್ದವರಿಗಾಗಿ ಪಾಠವನ್ನು ಐದೈದು ನಿಮಿಷದ ಧ್ವನಿಸಂದೇಶಗಳಾಗಿ ಒಡೆದು ಕಳುಹಿಸುತ್ತಿದ್ದೆ. ದುಡಿದು ದಣಿದು ಬಂದ ಮೇಲೂ ಅದನ್ನು ಮಕ್ಕಳಿಗೆ ಕೇಳಿಸಿ, ನೋಟ್‌ಬುಕ್ಕಿನ ಫೋಟೋಗಳನ್ನು ರಾತ್ರಿ ತಪ್ಪದೆ ಕಳುಹಿಸಿದ ತಂದೆತಾಯಿಯರಿಗೆ ನಾನು ಋಣಿ. ಆದರೂ ಎಲ್ಲರನ್ನೂ ತಲುಪಿದೆನೆಂದು ಹೇಳಲಾರೆ. ಹಾಜರಿಯಿಂದ ಮೆಲ್ಲನೆ ಮರೆಯಾಗಿ ಶಾಲೆ ತೆರೆದ ಮೇಲೂ ಮರಳದ ಇಬ್ಬರಲ್ಲಿ ಕ್ಷಮೆ ಕೇಳುವುದೂ ಈ ಬರಹದ ಪಾಲಿಗಿದೆ.

ಆ ಹುಡುಗಿ ಇದನ್ನು ಓದುತ್ತಿದ್ದರೆ ಒಂದು ಮಾತು: ಕರಿಹಲಗೆಯ ಮುಂದೆ ಮತ್ತೆ ನಿಂತ ಮೇಲೂ, ಕಳೆದ ವಾರದ ಕೊನೆಯ ಪಾಠದವರೆಗೂ, ಎಣಿಸುವುದನ್ನು ನಾನು ಬಿಡಲಿಲ್ಲ, ಮಗೂ.