ರೇಷನ್ ಕಾರ್ಡಿನೊಳಗಿದ್ದ ಚೀಟಿ

ಮಗಾ,

ನಿನ್ನೆ ಫೋನಿನಲ್ಲಿ "ಪೈಲಟ್ ಆಗೋದೇ ಬೇಡ, ಮನೆಗೆ ಬಾ" ಅಂದುಬಿಟ್ಟೆ. ನೀನು ಮಾತಾಡದೆ ಫೋನ್ ಇಟ್ಟೆ. ತಪ್ಪಾಯಿತು. ಹೆದರಿಕೆಯಲ್ಲಿ ಬಂದ ಮಾತದು.

ನೀನು ಮೂರನೇ ಕ್ಲಾಸಿನಲ್ಲಿದ್ದಾಗ ಶಾಲೆಗೆ ಬಂದ ಡಾಕ್ಟರ್ ಒಂದು ಚೀಟಿ ಕೊಟ್ಟಿದ್ದರು. "ಎದೆಯಲ್ಲಿ ಮರ್ಮರ್ ಇದೆ, ಎಕೋ ಮಾಡಿಸಿ." ಎದೆಬಡಿತದ ಜೊತೆ ಬೇರೆ ಸದ್ದು ಕೇಳುತ್ತಿದೆ, ಹೃದಯದ ಸ್ಕ್ಯಾನ್ ಮಾಡಿಸಿ ಅಂತ. ಹಳದಿ ಚೀಟಿ, ಮಳೆಗೆ ಒಂದು ಮೂಲೆ ಒದ್ದೆಯಾಗಿತ್ತು. ಮಡಚಿ ರೇಷನ್ ಕಾರ್ಡಿನೊಳಗೆ ಇಟ್ಟೆ. ಗುಡ್ಡ ಹತ್ತಿ ಓಡುವ ಹುಡುಗಿ, ಇವಳಿಗೇನಾಗಿದೆ ಅಂದುಕೊಂಡೆ. ಆ ತಿಂಗಳು ಕೈಯಲ್ಲಿ ದುಡ್ಡೂ ಇರಲಿಲ್ಲ. ಆಮೇಲೆ ಮರೆತೆ. ಇಲ್ಲ, ಮರೆಯಲಿಲ್ಲ. ಕಾರ್ಡ್ ತೆಗೆದಾಗಲೆಲ್ಲ ಕಾಣುತ್ತಿತ್ತು, ಮತ್ತೆ ಒಳಗಿಡುತ್ತಿದ್ದೆ. ಚೀಟಿ ಬಂದ ವಾರದ ಭಾನುವಾರವೇ ನಿನ್ನನ್ನು ಸ್ಕೂಟರಿನಲ್ಲಿ ಬಜ್ಪೆಗೆ ವಿಮಾನ ತೋರಿಸಲು ಕರೆದುಕೊಂಡು ಹೋಗಿದ್ದೆ. ಆಸೆ ಹುಟ್ಟಿಸಿದೆ, ಎಕೋ ಮಾಡಿಸಲಿಲ್ಲ.

ಇಲ್ಲಿಯ ಡಾಕ್ಟರಿಗೆ ನಿನ್ನ ರಿಪೋರ್ಟ್ ತೋರಿಸಿದೆ. ಹೃದಯದಿಂದ ರಕ್ತ ಹೊರಗೆ ಹೋಗುವ ಕವಾಟಕ್ಕೆ ಮೂರು ಎಸಳಿರಬೇಕು, ನಿನಗೆ ಎರಡೇ. ನೂರರಲ್ಲಿ ಒಬ್ಬಿಬ್ಬರಿಗೆ ಹುಟ್ಟಿನಿಂದಲೇ ಹೀಗಿರುತ್ತದಂತೆ. ಆಗ ಎಕೋ ಮಾಡಿಸಿದ್ದರೂ ಎರಡು ಮೂರಾಗುತ್ತಿರಲಿಲ್ಲ ಅಂದರು. ನನಗೆ ಸಮಾಧಾನ ಆಗಲಿಲ್ಲ. ಪೈಲಟ್ ಆಗುವವರಿಗೆ ಮಾಡುವ ಕ್ಲಾಸ್ ಒನ್ ಮೆಡಿಕಲ್‌ನಲ್ಲಿ ಯಾರೋ ಹೇಳಿ ನಿನಗೆ ಗೊತ್ತಾಗಬೇಕಿತ್ತಾ?

ಕವಾಟ ಕಿರಿದಾಗಿಲ್ಲ, ಸೋರಿಕೆ ತುಂಬಾ ಸಣ್ಣದು, ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ, ಮಹಾಪಧಮನಿ, ಉಬ್ಬಿಲ್ಲ. ಮೆಡಿಕಲ್ ಮಾಡಿದವರು ಬರೆದದ್ದು ತಾತ್ಕಾಲಿಕ ಅನ್‌ಫಿಟ್, ಪರ್ಮನೆಂಟ್ ಅಲ್ಲ. ಯುರೋಪಿನಲ್ಲಿ ಬೇರೆ ದೋಷವಿಲ್ಲದಿದ್ದರೆ ಇಂಥ ಕವಾಟದವರೂ ವಿಮಾನ ಹಾರಿಸುತ್ತಾರೆ. ಆಗಾಗ ಎಕೋ ಮಾಡಿಸಬೇಕು, ಅಷ್ಟೇ. ಇಲ್ಲಿ ಏನು ಹೇಳುತ್ತಾರೋ, ಕೇಳೋಣ. ಆದರೆ ಒಂದು ಮಾತು. ಏನನ್ನೂ ಮುಚ್ಚಿಡಬೇಡ. ಸುಸ್ತಾದರೆ, ತಲೆ ತಿರುಗಿದರೆ ಹೇಳು. ನಿನ್ನ ಹಿಂದೆ ನೂರಾರು ಜನ ಕೂತಿರುತ್ತಾರೆ ಅಲ್ವಾ? ಬಿಪಿ ನೋಡಿಸಿಕೋ. ಹಲ್ಲು ಎರಡು ಹೊತ್ತೂ ಉಜ್ಜು, ವಸಡಿನ ಸೋಂಕು ರಕ್ತಕ್ಕೆ ಸೇರಿ ಕವಾಟಕ್ಕೆ ಹಿಡಿಯಬಹುದು. ರಾತ್ರಿ ಜಾಸ್ತಿ ಎಚ್ಚರ ಇರಬೇಡ. ಮತ್ತೆ ಉಪದೇಶ ಶುರುವಾಯಿತು, ಬೈಬೇಡ.

ನಿನ್ನ ನ್ಯಾವಿಗೇಷನ್ ಪೇಪರ್ ಪಾಸಾದ ದಿನ ಹಂಪನಕಟ್ಟೆಯಲ್ಲಿ ಸಿಕ್ಕವರಿಗೆಲ್ಲ ಹೇಳಿದ್ದೆ. ಈಗಲೂ ಹಾಗೇ ಹೇಳುತ್ತೇನೆ. ಅಮ್ಮ ಕಟೀಲಿಗೆ ಹೂವಿನ ಪೂಜೆ ಹರಕೆ ಹೇಳಿಕೊಂಡಿದ್ದಾಳೆ.

ಇದು ಮನೆಯವರಿಗೂ ಇರಬಹುದಂತೆ. ಶನಿವಾರ ನಾನೂ ತಮ್ಮನೂ ಎಕೋ ಮಾಡಿಸಲು ಹೋಗುತ್ತೇವೆ. ಆ ಹಳದಿ ಚೀಟಿ ಈ ಪತ್ರದ ಜೊತೆ ಇಟ್ಟಿದ್ದೇನೆ. ನಿನ್ನ ಹೃದಯದ ಡಾಕ್ಟರಿಗೆ ಕೊಡು. ತಡ ಮಾಡಿದ್ದು ಅಪ್ಪ ಅಂತಲೇ ಹೇಳು.

ಅಪ್ಪ