ತಮ್ಮನಿಗೆ ಬೈಯಬೇಡಿ ಅಪ್ಪ

ಲಂಡನ್

ಪ್ರೀತಿಯ ಅಪ್ಪನಿಗೆ,

ಕರ್ತನ ನಾಮದಲ್ಲಿ ವಂದನೆಗಳು. ನಾನಿಲ್ಲಿ ಆರೋಗ್ಯ.

ತಮ್ಮ ಈ ಸಲ, ಸಭೆಯ ಮುಂದೆ ವಿಶ್ವಾಸ ಒಪ್ಪಿಕೊಳ್ಳುವ ಕನ್ಫರ್ಮೇಷನ್ ಸಂಸ್ಕಾರ ಬೇಡವೆಂದು ಹಟ ಹಿಡಿದಿದ್ದಾನೆ ಅಂತ ಅಮ್ಮ ಫೋನಿನಲ್ಲಿ ಅತ್ತಳು. "ಬಾಯಲ್ಲಿ ನಂಬುತ್ತೇನೆ ಅಂತೀನಿ, ಒಳಗೆ ಏನೂ ಇಲ್ಲ" ಅಂದನಂತೆ. ಅವನಿಗೆ ಬೈಯಬೇಡಿ ಅಪ್ಪ. ಅವನ ವಯಸ್ಸಿನಲ್ಲಿ ಆ ಮಾತಾಡುವ ಧೈರ್ಯ ನನಗಿರಲಿಲ್ಲ. ದಶಾಜ್ಞೆ, ವಿಶ್ವಾಸ ಪ್ರಮಾಣ ಎರಡನ್ನೂ ತಡವರಿಸದೆ ಒಪ್ಪಿಸಿದೆ. ಬಿಷಪ್ಪರು ತಲೆ ಮೇಲೆ ಕೈ ಇಟ್ಟಾಗ ನನ್ನ ಗಮನವೆಲ್ಲ ಹೊಸ ಬಟ್ಟೆಯ ಮೇಲಿತ್ತು. ನೆನೆದರೆ ಈಗಲೂ ನೋವಾಗುತ್ತದೆ.

ನಿನ್ನೆ ಆರಾಧನೆ ಮುಗಿಸಿ ಇಲ್ಲಿನ ಆಲ್ಡರ್ಸ್‌ಗೇಟ್‌ಗೆ ಹೋಗಿದ್ದೆ. ನಮ್ಮ ಮೈಸೂರಿನ ವೆಸ್ಲಿ ಕೆಥೆಡ್ರಲ್‌ಗೆ ಯಾರ ಹೆಸರಿದೆಯೋ ಆ ಜಾನ್ ವೆಸ್ಲಿಯವರ, ಮೆಥೋಡಿಸ್ಟ್ ಪಂಥ ಶುರುಮಾಡಿದ ಇಂಗ್ಲೆಂಡಿನ ಪಾದ್ರಿಯ, ನೆನಪಿಗೆ ಅಲ್ಲಿ ಬೆಂಕಿಯ ನಾಲಿಗೆಯ ಆಕಾರದಲ್ಲಿ, ಆಳೆತ್ತರ ಮೀರಿದ ಕಂಚಿನ ಸ್ಮಾರಕ ನಿಲ್ಲಿಸಿದ್ದಾರೆ. ಮೈಮೇಲೆಲ್ಲ 1738ರ ಮೇ 24ರ ಅವರ ದಿನಚರಿ. ಮಳೆ ಹನಿಯುತ್ತಿತ್ತು, ಒದ್ದೆ ಅಕ್ಷರಗಳ ಮೇಲೆ ಬೆರಳಿಟ್ಟು ಓದಿದೆ. ಆ ಸಂಜೆ ಅವರು ಕೂಟಕ್ಕೆ ಹೋಗಿದ್ದೇ ಮನಸ್ಸಿಲ್ಲದೆ. ಬೈಬಲಿನಲ್ಲಿ ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಗೆ ಜರ್ಮನಿಯ ಸುಧಾರಕ ಮಾರ್ಟಿನ್ ಲೂಥರ್ ಬರೆದ ಮುನ್ನುಡಿಯನ್ನು ಯಾರೋ ಓದುತ್ತಿದ್ದರು. ಒಂಬತ್ತಕ್ಕೆ ಕಾಲುಗಂಟೆ ಇರುವಾಗ ಎದೆ ಬೆಚ್ಚಗಾಯಿತಂತೆ. 'ಕ್ರಿಸ್ತನು ನನ್ನ ಪಾಪಗಳನ್ನು, ನನ್ನವನ್ನೂ, ತೆಗೆದುಹಾಕಿದ್ದಾನೆ' ಎಂಬ ಭರವಸೆ ಬಂತಂತೆ. ಆ 'ನನ್ನವನ್ನೂ' ಅನ್ನುವಲ್ಲಿ ನನ್ನ ಬೆರಳು ನಿಂತುಬಿಟ್ಟಿತು.

ಅಷ್ಟು ಹೊತ್ತಿಗೆ ಅವರು ಗುರುಪಟ್ಟ ಪಡೆದು ಹತ್ತಿರ ಹತ್ತಿರ ಹತ್ತು ವರ್ಷವಾಗಿತ್ತು! ಅಮೆರಿಕದ ಜಾರ್ಜಿಯಾಕ್ಕೆ ಹೊರಟಿದ್ದ ಅವರ ಹಡಗು 1736ರಲ್ಲಿ ಬಿರುಗಾಳಿಗೆ ಸಿಕ್ಕಿದಾಗ, ಜೊತೆಯಲ್ಲಿದ್ದ ಜರ್ಮನಿಯ ಮೊರೇವಿಯನ್ ಪಂಥದ ಕ್ರೈಸ್ತರು ಹೆಂಗಸರು ಮಕ್ಕಳ ಸಮೇತ ಹಾಡುತ್ತಲೇ ಇದ್ದರು. ಬೋಧಿಸಲು ಹೊರಟ ವೆಸ್ಲಿಯವರಿಗೆ ಸಾವಿನ ಭಯ. ತಮ್ಮಲ್ಲಿ ಏನಿಲ್ಲವೆಂಬುದು ಕಣ್ಣಿಗೆ ಕಟ್ಟಿದ್ದು ಅಲ್ಲಿ. ಪವಿತ್ರಾತ್ಮನು ಪಾಪದ ವಿಷಯದಲ್ಲಿ ಲೋಕಕ್ಕೆ ಅರುಹು ಹುಟ್ಟಿಸುವನೆಂದು ಯೋಹಾನ 16ರಲ್ಲಿ ಓದುತ್ತೇವಲ್ಲ, ಆ ಅರುಹು ಹೀಗೇ ಶುರುವಾಗುತ್ತದೇನೋ, ಒಳಗೆ ಬರಿದಾಗಿದೆ ಎಂದು ತಿಳಿಯುವುದರಿಂದ. ತಮ್ಮನಿಗೆ ಅದು ತಿಳಿದಿದೆ. ಅದನ್ನು ಅವಿಶ್ವಾಸ ಅನ್ನಲು ನನಗೆ ಬಾಯಿ ಬರುವುದಿಲ್ಲ.

ಇನ್ನೊಂದು ಮಾತು ಅವನಿಗೆ ಹೇಳಿ. ಭರವಸೆ ಬಂದ ಆ ರಾತ್ರಿಯೇ, ಮನೆ ಸೇರಿದ ಮೇಲೆ, ವೆಸ್ಲಿಯವರನ್ನು ಮತ್ತೆ ಶೋಧನೆಗಳು, ಪ್ರಲೋಭನೆಗಳು ಕಾಡಿದವು. ಅದನ್ನೂ ಅವರು ಮುಚ್ಚಿಡದೆ ಬರೆದಿದ್ದಾರೆ.

ಸಭಾಪಾಲಕ ಅಯ್ಯನವರ ಹತ್ತಿರ ಅವನೊಬ್ಬನೇ ಹೋಗಿ ಮಾತಾಡಲಿ, ನೀವು ಜೊತೆಗೆ ಹೋಗಬೇಡಿ. ಟೈಲರ್‌ಗೆ ಕೊಟ್ಟ ಬಿಳಿ ಅಂಗಿಯನ್ನು ವಾಪಸ್ ತರಬೇಡಿ. ಮುಂದಿನ ವರ್ಷಕ್ಕೂ ಆಗುವ ಹಾಗೆ ತೋಳಿಗೆ ಸ್ವಲ್ಪ ಬಟ್ಟೆ ಒಳಗೆ ಮಡಚಿ ಹೊಲಿಯಲು ಹೇಳಿ.

ನಿಮ್ಮ ಮಗಳು