ಕಂಬಳಿ ಬಿಟ್ಟು ಹೋದ ಅಣ್ಣನಿಗೆ

ಡಿಸೆಂಬರ್ 24ರ ಸಂಜೆ, ಕೆಜಿಎಫ್‌ನ ನಮ್ಮ ಚರ್ಚ್ ಅಂಗಳ. ಪ್ರತಿ ವರ್ಷದ ಹಾಗೆ ಜೀವಂತ ಗೋದಲಿ, ಅಂದ್ರೆ ಯೇಸು ಹುಟ್ಟಿದ ಕೊಟ್ಟಿಗೆಯ ದೃಶ್ಯ, ಗೊಂಬೆಗಳ ಬದಲು ಜನರೇ ನಿಂತು. ಮೇರಿ, ಜೋಸೆಫ್, ದೇವದೂತರು ಎಲ್ಲರೂ ನಮ್ಮ ಬೀದಿಯವರೇ. 1223ರಲ್ಲಿ ಇಟಲಿಯ ಗ್ರೆಚ್ಚೊದಲ್ಲಿ ಸಂತ ಫ್ರಾನ್ಸಿಸ್ ನಿಜವಾದ ಎತ್ತು, ಕತ್ತೆಯನ್ನೇ ನಿಲ್ಲಿಸಿದ್ದರಂತೆ. ನಮಗೆ ಒಂದು ಕುರಿಮರಿಗೂ ಗತಿ ಇರಲಿಲ್ಲ! ತರ್ತೀನಿ ಅಂದವರು ಫೋನೇ ಎತ್ತಲಿಲ್ಲ.

ಏಳಕ್ಕೆ ಶುರು. ಆರೂವರೆಗೆ ನಾನು ಗೇಟಿನ ಹತ್ತಿರ ಸುಮ್ನೆ ನಿಂತಿದ್ದೆ. ನೀವು ಕುರಿ ಹೊಡ್ಕೊಂಡು ಮನೆಗೆ ಹೊರಟಿದ್ದಿರಿ. ನಾಚಿಕೆ ಬಿಟ್ಟು ಕೇಳಿದೆ. "ಎರಡು ಸಾಕಾ?" ಅಂದಿರಿ, ಅಷ್ಟೇ. ಮಂದೆಯನ್ನು ಮಗನ ಜೊತೆ ಕಳಿಸಿ, ಎರಡು ಮರಿ ಎತ್ತಿಕೊಂಡು ಬಂದಿರಿ. ನಮ್ಮ ನೈಲಾನ್ ಹಗ್ಗ ನೋಡಿ ಮುಖ ಸಿಂಡರಿಸಿದಿರಿ. ಕುತ್ತಿಗೆ ಉಜ್ಜಬಾರದು ಅಂತ ನಿಮ್ಮ ಟವಲ್ಲನ್ನೇ ಸುತ್ತಿ ಕಟ್ಟಿದಿರಿ.

ಬಾಲಯೇಸುವಾಗಿದ್ದ ಮೂರು ತಿಂಗಳ ಕೂಸು ಚಳಿಗೆ ಒಂದೇ ಸಮ ಅಳ್ತಿತ್ತು. ಹೆಗಲ ಕಂಬಳಿ ಕೊಟ್ಟಿರಿ. "ಕುರಿ ವಾಸನೆ ಬರುತ್ತೆ" ಅಂತ ಸಂಕೋಚ ಬೇರೆ. ಕೂಸಿಗೆ ಐದೇ ನಿಮಿಷದಲ್ಲಿ ನಿದ್ದೆ. ನನಗೂ ಆಗಲೇ ಉಸಿರು ಬಂದಿದ್ದು.

ದುಡ್ಡು ಬೇಡ ಅಂದಿರಿ. ಕೇಕ್ ತುಂಡನ್ನು ಪೇಪರಲ್ಲಿ ಸುತ್ತಿ, ಮಗಳಿಗೆ ಅಂದಿರಿ. ಕೂಸು ಮಲಗಿದೆ ಅಂತ ಕಂಬಳಿ ಕೇಳದೇ ಹೋದಿರಿ. ನಾನೋ, ಹೆಸರು ಕೇಳೋದೇ ಮರೆತೆ. ಕಂಬಳಿ ಜೋಪಾನವಾಗಿದೆ ಅಣ್ಣ. ಈ ಕಡೆ ಬಂದಾಗ ಗೇಟು ತಟ್ಟಿ.